ಕಿತ್ತುಹಾಕಿದ ಪಾಠ

ಹತ್ತನೇ ಕ್ಲಾಸಿನ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದಲ್ಲಿ ‘ಅನುವಂಶೀಯತೆ ಮತ್ತು ವಿಕಾಸ’ ಎಂದಿದ್ದ ಪಾಠ 2023ರಲ್ಲಿ ಬರೀ ‘ಅನುವಂಶೀಯತೆ’ಯಾಗಿ ಬಂತು. ಮಕ್ಕಳ ಹೊರೆ ಇಳಿಸಿದೆವು, ಹನ್ನೆರಡರಲ್ಲಿ ಇದೆಯಲ್ಲ ಅಂದರು. ಹತ್ತಕ್ಕೇ ಸ್ಕೂಲು ಬಿಟ್ಟು ಕೂಲಿಗೆ ಹೋಗುವ ನಮ್ಮ ಕೇರಿ ಹುಡುಗರಿಗೆ ಯಾವ ಹನ್ನೆರಡು?

ಸಾಕ್ಷಿಗೇನು ಬರವಿಲ್ಲ. ಜಮ್ಮು-ಕಾಶ್ಮೀರದ ಕಾಲಾಕೋಟ್ ಕಲ್ಲುಗಳಲ್ಲಿ ಸಿಕ್ಕ ಇಂಡೋಹಯಸ್ ಸುಮಾರು 4.8 ಕೋಟಿ ವರ್ಷ ಹಿಂದಿನ, ಬೆಕ್ಕಿನ ಗಾತ್ರದ ಗೊರಸಿನ ಪ್ರಾಣಿ. ಅದರ ಕಿವಿಮೂಳೆಯ ಒಂದು ಬದಿ ತಿಮಿಂಗಿಲದ್ದರಂತೆಯೇ ದಪ್ಪ; ಇದನ್ನು 2007ರಲ್ಲಿ ಪ್ರಕಟಿಸಿದರು. ಕಛ್‌ನಲ್ಲಿ ಕಾಲಿದ್ದ ತಿಮಿಂಗಿಲಗಳೇ ಸಿಕ್ಕಿವೆ.

ಬಾಯಿ, ತೋಳು, ತೊಡೆ, ಪಾದದಿಂದ ಜನ ಹುಟ್ಟಿದರೆಂಬ ಕತೆಗೆ ಒಂದು ಮೂಳೆಯ ಸಾಕ್ಷಿಯೂ ಇಲ್ಲ. ಶೂದ್ರರಿಗೆ ಪಾದವನ್ನಾದರೂ ಕೊಟ್ಟ ಆ ಕತೆ ನಮಗೆ ಅದನ್ನೂ ಕೊಡಲಿಲ್ಲ. ಅದು ಮಾತ್ರ ಯಾರಿಗೂ ಹೊರೆಯಾಗಿಲ್ಲ!

ಮೇಷ್ಟ್ರೇ, ಹಳೇ ಪುಸ್ತಕ ಬೀರುವಿನಲ್ಲಿದ್ದರೆ ರದ್ದಿಗೆ ಹಾಕಬೇಡಿ.