ನಾಶ ಮಾಡದ ‘ಡಿಸ್ಟ್ರಾಯ್’

ಒಂದು ಕಂಪ್ಯೂಟರಿನೊಳಗೆ ತಂತ್ರಾಂಶದಿಂದಲೇ ಕಟ್ಟಿದ ಇನ್ನೊಂದು ಕಂಪ್ಯೂಟರಿಗೆ ವರ್ಚುವಲ್ ಮೆಷಿನ್ ಎನ್ನುತ್ತಾರೆ. ಲಿನಕ್ಸ್‌ನಲ್ಲಿ ಇವುಗಳನ್ನು ಮೆನು, ಗುಂಡಿಗಳ ಮೂಲಕ ನೋಡಿಕೊಳ್ಳುವ ಸಾಧನ ‘ವರ್ಟ್-ಮ್ಯಾನೇಜರ್’. ಅದರ ವೇಗ, ಸೌಕರ್ಯಗಳನ್ನು ವಿಮರ್ಶಿಸುವವರು ಬೇರೆ ಇದ್ದಾರೆ. ನನಗೆ ಅದು ಒಂದು ಅನುವಾದವಾಗಿ ಕಾಣುತ್ತದೆ. ತೆರೆಯ ಹಿಂದೆ ಕೆಲಸ ನಡೆಸುವ ‘ಲಿಬ್‌ವರ್ಟ್’ ಮೂಲಕೃತಿ ಎಂದುಕೊಳ್ಳೋಣ. ಅದೇ ಮೂಲಕ್ಕೆ ‘ವರ್ಶ್’ ಎಂಬ, ಬರೀ ಟೈಪಿಸುವ ಆದೇಶಗಳ ಇನ್ನೊಂದು ಅನುವಾದವೂ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಸ್ವಾರಸ್ಯವಿರುವುದು ಕ್ರಿಯಾಪದಗಳಲ್ಲಿ.

ಯಂತ್ರವನ್ನು ನಿಲ್ಲಿಸುವುದನ್ನೇ ನೋಡಿ. ವರ್ಶ್‌ನಲ್ಲಿ ಇದಕ್ಕೆ ಎರಡು ಪದಗಳು: ‘ಶಟ್‌ಡೌನ್’, ‘ಡಿಸ್ಟ್ರಾಯ್’. ಮೊದಲನೆಯದು ನಿಜಕ್ಕೂ ಆಜ್ಞೆಯಲ್ಲ, ಕೋರಿಕೆ. ಒಳಗಿನ ಯಂತ್ರ ಅದನ್ನು ಕೇಳಿಸಿಕೊಂಡು ತನ್ನ ಕಡತಗಳನ್ನು ಒಂದೊಂದಾಗಿ ಮುಚ್ಚಬಹುದು, ಕೇಳಿಸದಂತೆ ಸುಮ್ಮನಿದ್ದರೂ ಇರಬಹುದು. ಎರಡನೆಯದು ಗೋಡೆಯಿಂದ ಪ್ಲಗ್ ಕಿತ್ತಂತೆ. ಆದರೆ ಹೆಸರಿನಷ್ಟು ಭೀಕರವಲ್ಲ. ವಿವರಗಳು ದಾಖಲಾಗಿರುವ ಯಂತ್ರವಾದರೆ ಅದರ ಡಿಸ್ಕೂ ಉಳಿಯುತ್ತದೆ, ಪಟ್ಟಿಯಲ್ಲಿ ಹೆಸರೂ ಉಳಿಯುತ್ತದೆ, ಮರುಕ್ಷಣವೇ ಮತ್ತೆ ಚಾಲೂ ಮಾಡಬಹುದು. ಡಿಸ್ಕಿಗೆ ಇನ್ನೂ ಇಳಿಯದೆ ಮೆಮೊರಿಯಲ್ಲಿದ್ದದ್ದು ಮಾತ್ರ ಹೋಗುತ್ತದೆ. ಪಟ್ಟಿಯಿಂದಲೇ ತೆಗೆದುಹಾಕುವ ಆದೇಶದ ಹೆಸರಾದರೋ ‘ಅನ್‌ಡಿಫೈನ್’, ಪಾರಿಭಾಷಿಕ ಕೋಶದ ಪದದಷ್ಟು ನಿರುಪದ್ರವಿ.

ವರ್ಟ್-ಮ್ಯಾನೇಜರ್ ‘ಡಿಸ್ಟ್ರಾಯ್’ ಅನ್ನು ‘ಫೋರ್ಸ್ ಆಫ್’ ಎಂದು ತಿರುಗಿಸಿಕೊಂಡಿದೆ. ಇದು ಮೂಲಕ್ಕಿಂತ ಪ್ರಾಮಾಣಿಕವಾದ ಅನುವಾದ ಎಂದು ನನ್ನ ಅನಿಸಿಕೆ. ಆದರೆ ಕೋರಿಕೆ, ಬಲಪ್ರಯೋಗ ಎರಡನ್ನೂ ಅದು ಒಂದೇ ಮೆನುವಿನಲ್ಲಿ, ಒಂದೇ ದನಿಯಲ್ಲಿ ಕೂರಿಸುತ್ತದೆ. ಕನ್ನಡದಲ್ಲಾದರೆ ಈ ಅಂತರ ಕ್ರಿಯಾಪದದಲ್ಲೇ ಸಿಗುತ್ತದೆ: ‘ನಿಲ್ಲಲು ಹೇಳು’, ‘ನಿಲ್ಲಿಸಿಬಿಡು’. ಆ ‘ಬಿಡು’ವಿನಲ್ಲಿರುವ ಒರಟುತನವೇ ಇಲ್ಲಿ ಎಚ್ಚರಿಕೆಯಾಗುತ್ತದೆ. ನಮ್ಮ ತಂತ್ರಾಂಶ ಅನುವಾದಗಳು ಇಂಥ ಆಡುಮಾತನ್ನು ಬಿಟ್ಟು ‘ಸ್ಥಗಿತಗೊಳಿಸು’ಗಳ ಕಡೆಗೇ ಯಾಕೆ ಓಡುತ್ತವೋ!

ನಿರೂಪಕನ ಸ್ಥಾನದ ಬಗ್ಗೆಯೂ ಒಂದು ಮಾತು. ಮುಖ್ಯ ಕಿಟಕಿಯಲ್ಲಿ ಪ್ರತಿ ಯಂತ್ರಕ್ಕೂ ಒಂದು ಹೆಸರು, ಒಂದು ಸ್ಥಿತಿ, ಸಿಪಿಯು ಬಳಕೆಯ ಒಂದು ಸಣ್ಣ ಏರಿಳಿತದ ಗೆರೆ. ಯಾರು ಎಷ್ಟು ದುಡಿಯುತ್ತಿದ್ದಾರೆ ಎಂದು ಗೆರೆ ಹೇಳುತ್ತದೆ, ಏನು ಮಾಡುತ್ತಿದ್ದಾರೆ ಎಂದು ಹೇಳುವುದಿಲ್ಲ. ಎಲ್ಲವನ್ನೂ ಮೇಲಿನಿಂದ ನೋಡುವ, ಯಾರ ಮನಸ್ಸನ್ನೂ ಹೊಗದ ನಿರೂಪಣೆ ಇದು. ಇಂಗ್ಲಿಷಿನಲ್ಲಿ ಒಳಗಿನ ಯಂತ್ರಕ್ಕೆ ‘ಗೆಸ್ಟ್’ ಎನ್ನುವ ರೂಢಿ. ಮೆಮೊರಿ ಎಷ್ಟು, ಡಿಸ್ಕ್ ಎಷ್ಟು ಎಂದು ಮೊದಲೇ ಅಳೆದು ಕೊಟ್ಟು, ತಾನು ಅತಿಥಿಯೆಂಬುದನ್ನು ಬಹುಪಾಲು ಮರೆಮಾಡಿ ಇರಿಸಿಕೊಳ್ಳುವ ಈ ಆತಿಥ್ಯ ವಿಚಿತ್ರವೇ.

ನಿಜವಾದ ಅಪಾಯವಿರುವುದು ‘ಡಿಲೀಟ್’ನಲ್ಲಿ. ಅಲ್ಲಿ ಡಿಸ್ಕಿನ ಕಡತಗಳನ್ನೂ ಅಳಿಸಬೇಕೆ ಎಂಬುದಕ್ಕೆ ಒಂದು ಪುಟ್ಟ ಚೌಕವಿದೆ. ಅದರಲ್ಲಿ ಗುರುತು ಇದ್ದರೆ ಹೋದದ್ದು ಕಸದಬುಟ್ಟಿಗೂ ಬೀಳುವುದಿಲ್ಲ. ಕನ್ನಡ ಸಂಶೋಧಕರಿಗೆ ಇದು ದೂರದ ಸಂಗತಿಯಲ್ಲ. ಯುನಿಕೋಡ್‌ಗೆ ಮುಂಚಿನ ನುಡಿ, ಬರಹ, ಶ್ರೀಲಿಪಿ ಕಡತಗಳನ್ನು ಅವುಗಳ ಫಾಂಟುಗಳ ಸಮೇತ ತೆರೆಯಲು ಹಳೆಯ ವಿಂಡೋಸ್ ಒಂದನ್ನು ಹೀಗೆ ಯಂತ್ರದೊಳಗಿನ ಯಂತ್ರವಾಗಿ ಉಳಿಸಿಕೊಳ್ಳಬಹುದು, ನಾನೂ ಉಳಿಸಿಕೊಂಡಿದ್ದೇನೆ. ಪರಿವರ್ತಕದಲ್ಲಿ ಹಾಕಿದಾಗ ಒತ್ತಕ್ಷರ ಕಲಸಿಹೋದ ಲೇಖನವೊಂದರ ಮೂಲಪಾಠ ಅಲ್ಲಿಯೇ ಉಳಿದಿರಬಹುದು. ಅಳಿಸುವ ಕಿಟಕಿ ಕಡತ ಎಲ್ಲಿದೆ ಎಂಬ ವಿಳಾಸ ತೋರಿಸುತ್ತದೆ, ಒಳಗಿನದು ಏನೆಂದು ಅದಕ್ಕೆ ತಿಳಿಯುವಂತಿಲ್ಲ. ‘ಡಿಸ್ಟ್ರಾಯ್’ ಎಂಬ ಪದ ಸಲ್ಲಬೇಕಿದ್ದುದು ಈ ಚೌಕಕ್ಕೆ.

ಪ್ರತಿ ಯಂತ್ರದ ವಿವರಗಳ ಪುಟದಲ್ಲಿ ಶೀರ್ಷಿಕೆಗೂ ವಿವರಣೆಗೂ ಖಾಲಿ ಜಾಗವಿದೆ. ಇಡೀ ಕೃತಿಯಲ್ಲಿ ಓದುಗ ತನ್ನ ಮಾತಿನಲ್ಲಿ ಬರೆಯಬಹುದಾದ ಕೆಲವೇ ಜಾಗಗಳಲ್ಲಿ ಅದೂ ಒಂದು. ನನ್ನ ಯಂತ್ರದಲ್ಲಿ ಅಲ್ಲಿರುವುದು ಇಷ್ಟು: ‘ನುಡಿ ಕಡತಗಳು ಇದರಲ್ಲಿವೆ. ನಿಲ್ಲಿಸಿದರೆ ಚಿಂತೆಯಿಲ್ಲ, ಡಿಸ್ಕ್ ಅಳಿಸಬೇಡಿ.’