ನಮ್ಮ ಮಾಗಿ ಯಾವ ಕಾವ್ಯದಲ್ಲಿದೆ?

ವರ್ಷವನ್ನು ಎಣಿಸುವುದಕ್ಕೆ ನಮ್ಮಲ್ಲಿ ಮೂರು ಲೆಕ್ಕಗಳಿವೆ. ಪಂಚಾಂಗದವರದು ಆರು ಋತುಗಳ ಲೆಕ್ಕ. ಹೊಲದವರದು ಭರಣಿ, ಕೃತ್ತಿಕೆ, ರೋಹಿಣಿ ಎಂದು ನಕ್ಷತ್ರದ ಹೆಸರು ಹಿಡಿದು ಕರೆಯುವ ಮಳೆಗಳ ಲೆಕ್ಕ. ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ. ಮನೆಯೊಳಗಿನ ಹೆಂಗಸರದು ಮೂರೇ ಕಾಲಗಳ ಲೆಕ್ಕ: ಮಳೆಗಾಲ ಬರುವ ಮುಂಚೆ ಸೌದೆ ಒಳಗಿಡು, ಚಳಿಗಾಲಕ್ಕೆ ಕಂಬಳಿ ಬಿಸಿಲಿಗೆ ಹಾಕು, ಬೇಸಿಗೆಯಲ್ಲಿ ಹಪ್ಪಳ ಒತ್ತು. ಶಾಲೆಯಲ್ಲಿ ನಾವು ಹೇಳಿಕೊಡುವುದು ಮೊದಲನೆಯದನ್ನು ಮಾತ್ರ. ಚೈತ್ರ ವೈಶಾಖ ವಸಂತ ಋತು, ಜ್ಯೇಷ್ಠ ಆಷಾಢ ಗ್ರೀಷ್ಮ ಋತು ಎಂದು ಮಕ್ಕಳು ಮಗ್ಗಿಯ ರಾಗದಲ್ಲಿ ಒಪ್ಪಿಸುತ್ತವೆ. ಮೂವತ್ತು ವರ್ಷಗಳಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಸುತ್ತ ಕನ್ನಡ ಪಾಠ ಮಾಡಿಕೊಂಡು ಬಂದಿರುವ ನನಗೆ ಈ ಪಟ್ಟಿಯ ಮೇಲೆ ಒಂದು ಹಳೆಯ ತಕರಾರಿದೆ. ಅದು ನಮ್ಮ ಊರಿನ ಆಕಾಶಕ್ಕೆ ಹೊಂದುವುದಿಲ್ಲ.

ನೀವೇ ನೋಡಿ. ಆಶ್ವಯುಜ ಕಾರ್ತಿಕಗಳು ಶರದೃತು. ಕವಿಗಳ ಪ್ರಕಾರ ಆಗ ಆಕಾಶ ತಿಳಿ, ಮೋಡ ಹತ್ತಿಯಂತೆ ಬಿಳಿ, ಬೆಳದಿಂಗಳು ಹಾಲು. ನಮ್ಮ ಕಡೆ ವರ್ಷದಲ್ಲೇ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರಿನಲ್ಲಿ. ಅಕ್ಟೋಬರ್ ಅದರಿಂದ ಬಹಳ ಹಿಂದೆ ಬೀಳುವುದಿಲ್ಲ. ಮುಂಗಾರನ್ನು ಪಶ್ಚಿಮ ಘಟ್ಟಗಳು ತಡೆದು ತಾವೇ ಕುಡಿದುಬಿಡುತ್ತವೆ; ನಮಗೆ ದಕ್ಕುವುದು ಅದರ ಬಾಲ, ಆಮೇಲೆ ಬಂಗಾಳ ಕೊಲ್ಲಿಯ ಕಡೆಯಿಂದ ಬರುವ ಹಿಂಗಾರು. ಹತ್ತೆ, ಚಿತ್ತೆ ಮಳೆಗಳಲ್ಲಿ ಶಾಲೆಯ ಹೆಂಚು ಸೋರುತ್ತಿರುವಾಗ ಮಕ್ಕಳು ಶರತ್ಕಾಲದ ನಿರ್ಮಲ ಆಕಾಶವನ್ನು ಉತ್ತರಪತ್ರಿಕೆಯಲ್ಲಿ ಬರೆಯಬೇಕು. ಅತ್ತ ಏಪ್ರಿಲ್ ನಮ್ಮ ಅತಿ ಬಿಸಿಲಿನ ತಿಂಗಳು. ಪಟ್ಟಿಯಲ್ಲಿ ಅದು ವಸಂತ. ಗಾಳಿ ಬೀಸಿ ಮೈ ನಡುಗಿಸುವ ಆಷಾಢ ಗ್ರೀಷ್ಮವಂತೆ!

ಇದರಲ್ಲಿ ಕಾಳಿದಾಸನ ತಪ್ಪೇನಿಲ್ಲ. ‘ಋತುಸಂಹಾರ’ ಅವನದೇ ಎಂದು ಹೇಳುತ್ತಾರೆ. ಆರು ಸರ್ಗಗಳು, ಗ್ರೀಷ್ಮದಿಂದ ಹೊರಟು ವಸಂತದಲ್ಲಿ ನಿಲ್ಲುತ್ತದೆ. ಅವನು ತನ್ನ ತಲೆಯ ಮೇಲಿನ ಆಕಾಶವನ್ನೇ ಕಂಡು ಬರೆದ. ಆಮೇಲೆ ಬಂದವರು ಅವನ ಪುಸ್ತಕವನ್ನು ಕಂಡು ಬರೆದರು. ಮಹಾಕಾವ್ಯವೆಂದರೆ ಹದಿನೆಂಟು ವರ್ಣನೆಗಳು ಇರಬೇಕೆಂದು ಲಕ್ಷಣಕಾರರು ಕಟ್ಟಳೆ ಮಾಡಿದರು, ಅದರಲ್ಲಿ ಋತುವರ್ಣನೆಯೂ ಒಂದು. ಹೀಗಾಗಿ ನಮ್ಮ ಹಳೆಯ ಕಾವ್ಯಗಳಲ್ಲಿ ಎಷ್ಟೋ ಕಡೆ ಋತು ಬರುವುದು ಮದುವೆಮನೆಗೆ ವಾಲಗ ಬಂದಂತೆ, ಇರಲೇಬೇಕಲ್ಲ ಎಂದು. ಪಂಪನ ಬನವಾಸಿ ಬೇರೆ ಮಾತು. ಅಲ್ಲಿ ವಸಂತದ ಮಲ್ಲಿಗೆ ಮಾವುಗಳ ಹಿಂದೆ ಊರಿನ ನೆನಪಿನ ಸಂಕಟವಿದೆ. ಅದಕ್ಕೇ ಸಾವಿರ ವರ್ಷ ಕಳೆದರೂ ವಾಸನೆ ಹೋಗಿಲ್ಲ.

‘ಋತುಸಂಹಾರ’ದ ಶಿಶಿರವನ್ನು ಓದುವಾಗ ನನಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅಲ್ಲಿಯ ಜನ ಕಿಟಕಿ ಮುಚ್ಚಿಕೊಳ್ಳುತ್ತಾರೆ, ಬೆಂಕಿ ಕಾಯಿಸುತ್ತಾರೆ, ದಪ್ಪ ಬಟ್ಟೆ ಹೊದೆಯುತ್ತಾರೆ, ಚಂದನ ಲೇಪನ ಬಿಡುತ್ತಾರೆ. ಕಿಟಕಿಯೂ ಅದಕ್ಕೆ ಬಾಗಿಲೂ ಇರುವ ಮನೆಯವರ ಚಳಿ ಅದು. ಪ್ರಣಯಕ್ಕೆ ಅನುಕೂಲವಾದ ಚಳಿ. ಚೆನ್ನಾಗಿಯೇ ಇದೆ. ಆದರೆ ಅದೇ ಬೆಳಗಿನ ಜಾವ ಹೊರಗೆ ಭತ್ತದ ಗದ್ದೆ ಕಾಯುತ್ತಿದ್ದವನು ಏನು ಹೊದ್ದಿದ್ದ ಎಂದು ನಾನು ಕೇಳಿದರೆ, ರಸಭಂಗ ಮಾಡುವ ಮೇಷ್ಟ್ರಮ್ಮ ಎಂದು ನೀವು ಬೈಯಬಹುದು.

ಹೊಸಗನ್ನಡಕ್ಕೆ ಬಂದರೂ ನಮ್ಮ ಬಯಲಿಗೆ ಋತು ಸಿಕ್ಕಲಿಲ್ಲ. ಬಿ.ಎಂ.ಶ್ರೀ. ‘ಇಂಗ್ಲಿಷ್ ಗೀತಗಳು’ ಕೊಟ್ಟಾಗ ಅದರೊಡನೆ ಥಾಮಸ್ ನ್ಯಾಶ್ ಎಂಬ ಇಂಗ್ಲಿಷ್ ಕವಿಯ ವಸಂತ ಬಂತು. ಎಷ್ಟು ಸೊಗಸಾದ ಕನ್ನಡದಲ್ಲಿ ಬಂತೆಂದರೆ ತಲೆಮಾರುಗಟ್ಟಲೆ ಮಕ್ಕಳು ಅದನ್ನು ನಮ್ಮ ಹಿತ್ತಿಲಿನದೇ ಎಂದು ಹಾಡಿದರು. ಮುದ್ದಣ ‘ರಾಮಾಶ್ವಮೇಧ’ವನ್ನು ತೆರೆಯುವುದೇ ಕರಾವಳಿಯ ಮಳೆಗಾಲದಲ್ಲಿ. ಬೇಂದ್ರೆಯವರದು ಧಾರವಾಡದ ಶ್ರಾವಣ, ಕುವೆಂಪು ಅವರದು ಮಲೆನಾಡಿನ ಮಳೆ ಮತ್ತು ಕಾಡು. ಇವೆಲ್ಲ ಅವರವರ ನೆಲಕ್ಕೆ ನಿಜವಾದ ಋತುಗಳು, ಅದಕ್ಕೇ ಉಳಿದಿವೆ. ನಮ್ಮ ಪಕ್ಕದ ಮಾಲೂರು ತಾಲ್ಲೂಕಿನ ಮಾಸ್ತಿಯವರಿಗೆ ಹವೆಗಿಂತ ಮನುಷ್ಯರ ಮೇಲೆ ಕಣ್ಣು. ಇನ್ನು ದೇವನಹಳ್ಳಿಯಲ್ಲೇ 1936ರಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್ ಇದ್ದರಲ್ಲ ಎಂದರೆ, 1978ರಲ್ಲಿ ಧ್ವನಿಸುರುಳಿಯಾಗಿ ಬಂದು ನಾಡೆಲ್ಲ ಹಾಡಿದ ಅವರ ‘ನಿತ್ಯೋತ್ಸವ’ದಲ್ಲಿ ಇರುವುದು ಜೋಗ, ತುಂಗೆ, ಸಹ್ಯಾದ್ರಿ. ಭೂವಿಜ್ಞಾನದ ಮೇಷ್ಟ್ರಾಗಿ ಶಿವಮೊಗ್ಗದಲ್ಲಿ ಇದ್ದವರು, ಕಂಡದ್ದನ್ನು ಹಾಡಿದರು. ನಾನು ಆಕ್ಷೇಪಿಸುತ್ತಿಲ್ಲ. ಆದರೆ ದೇವನಹಳ್ಳಿಯ ಮಕ್ಕಳು ರಾಜ್ಯೋತ್ಸವದ ದಿನ ಜೋಗದ ಬೆಳಕನ್ನು ಹಾಡಿ ಮುಗಿಸಿ, ಮೈದಾನದ ಪಕ್ಕದಲ್ಲೇ ತೆನೆ ಬಾಗಿ ನಿಂತ ರಾಗಿ ಹೊಲದ ಬದುವಿನ ಮೇಲೆ ಮನೆಗೆ ಹೋಗುವುದನ್ನು ನೋಡುವಾಗ, ಈ ಹೊಲಕ್ಕೆ ಒಂದು ಹಾಡು ಯಾಕಿಲ್ಲ ಎನಿಸುತ್ತದೆ. ಜಲಪಾತವಿಲ್ಲದ ಸೀಮೆಗೆ ಕವಿಗಳು ಸ್ವಲ್ಪ ದುರ್ಲಭವೇನೋ.

ಹಾಡಿಲ್ಲ ಎಂದ ಮಾತ್ರಕ್ಕೆ ಕಾಲವಿಲ್ಲವೆ? ಸ್ವಾತಿ ಮಳೆ ಹಿಂದೆ ಸರಿದು ಮೂಡಣ ಗಾಳಿ ತಿರುಗಿತೆಂದರೆ ನಮ್ಮ ವರ್ಷದ ಅತ್ಯಂತ ತುಂಬಿದ ಭಾಗ ಶುರುವಾಗುತ್ತದೆ. ರಾಗಿ ಕೊಯ್ಲು ಬೆಳಗಿನ ಹೊತ್ತೇ ನಡೆಯಬೇಕು, ಇಬ್ಬನಿ ಆರಿದರೆ ತೆನೆ ಉದುರುತ್ತದೆ. ಹುರುಳಿ ಕೀಳುವುದೂ ಹಾಗೆಯೇ. ಬಿಸಿಲೇರಿದರೆ ಕಾಯಿ ಸಿಡಿದು ಕಾಳು ನೆಲದ ಪಾಲು. ಆದ್ದರಿಂದ ಚಳಿಯಲ್ಲಿ ಎದ್ದು ಹೊರಡುವುದು ನಮ್ಮವರ ಹಟವಲ್ಲ, ಬೆಳೆಯ ಆಜ್ಞೆ. ಮೊಣಕಾಲತನಕ ಸೀರೆ ಒದ್ದೆ, ಕುಡುಗೋಲು ಹಿಡಿದ ಬೆರಳು ಮರಗಟ್ಟಿ, ಹತ್ತು ಗಂಟೆಗೆ ಮುದ್ದೆ ಬರುವಷ್ಟರಲ್ಲಿ ಬೆನ್ನ ಮೇಲೆ ಬಿಸಿಲು. ಸಾಲಿನಲ್ಲಿ ಅವರೆ. ಹಗಲು ಗಿಡ್ಡವಾದಾಗ ಮಾತ್ರ ಹೂ ಬಿಡುವ ಗಿಡ ಅದು. ಅದರ ಪಂಚಾಂಗ ಯಾವ ಜೋಯಿಸರದಕ್ಕೂ ಕಡಿಮೆಯಿಲ್ಲ. ಮಂಜು ಬಿದ್ದ ಮೇಲಿನ ಸೊಗಡವರೆಯ ವಾಸನೆ ಕೈಗೆ ಹತ್ತಿದರೆ ಸೋಪು ಹಾಕಿದರೂ ಹೋಗದು. ಪುಷ್ಯದ ಷಷ್ಠಿಗೆ ಘಾಟಿ ಸುಬ್ರಹ್ಮಣ್ಯದ ತೇರು, ಅದರ ಆಸುಪಾಸಿನಲ್ಲಿ ದನಗಳ ಜಾತ್ರೆ. ಎತ್ತಿನ ಮಗ್ಗುಲಲ್ಲೇ ಮಲಗಿ ಅದರ ಉಸಿರಿನ ಬಿಸಿಯಲ್ಲಿ ರಾತ್ರಿ ಕಳೆಯುವ ರೈತರು. ಆಮೇಲೆ ಸಂಕ್ರಾಂತಿಯ ಕಿಚ್ಚು. ಇದನ್ನೆಲ್ಲ ಹೇಮಂತ ಎಂದು ಕರೆದರೆ ಯಾರದೋ ಹೆಸರು ಹಿಡಿದು ಕೂಗಿದಂತಾಗುತ್ತದೆ. ನಮ್ಮದು ಮಾಗಿ. ಮಾಘದಿಂದ ಬಂದ ಮಾತೆಂದು ಪಂಡಿತರು ಹೇಳುತ್ತಾರೆ, ಇರಲಿ. ಕನ್ನಡದ ಕಿವಿಗೆ ಅದರಲ್ಲಿ ಕಾಯಿ ಮಾಗುವುದೂ ಕೇಳಿಸುತ್ತದೆ.

ಮಾತುಗಳ ವಿಷಯ ಬಂದದ್ದರಿಂದ ಹೇಳುತ್ತೇನೆ. ಇಬ್ಬನಿ, ಮಂಜು, ಕಾವಳ, ಹಿಮ, ಈ ನಾಲ್ಕೂ ಇಂದಿನ ಗೈಡುಗಳಲ್ಲಿ ಒಂದೇ. ‘ಚಳಿಗಾಲದಲ್ಲಿ ಹಿಮ ಬೀಳುತ್ತದೆ’ ಎಂದು ನೆಲಮಂಗಲದ ಹುಡುಗ ಬರೆಯುತ್ತಾನೆ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 1884ರ ಜನವರಿ 13ರಂದು, 7.8 ಡಿಗ್ರಿ. ಅಂದೂ ಹಿಮ ಬಿದ್ದಿರಲಾರದು! ಹುಲ್ಲಿನ ತುದಿಯಲ್ಲಿ ಕೂರುವುದು ಇಬ್ಬನಿ. ಎದುರಿನ ಮನುಷ್ಯ ಕಾಣದಂತೆ ಕವಿಯುವುದು ಕಾವಳ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಕಾವಳಕ್ಕೆ ಪತ್ರಿಕೆಯಲ್ಲಿ ಸ್ಥಾನ ಸಿಕ್ಕಿತು, ‘ದಟ್ಟ ಮಂಜು, ವಿಮಾನಗಳ ಹಾರಾಟ ವ್ಯತ್ಯಯ’ ಎಂಬ ಹೆಸರಿನಲ್ಲಿ. ಅದೇ ಮಂಜಿನಲ್ಲಿ ದ್ರಾಕ್ಷಿಗೆ ಬೂದಿರೋಗ ಬಂದೀತೆಂದು ಔಷಧಿ ಹೊಡೆಯುತ್ತ ನಿಂತವನ ಸುದ್ದಿ ಒಳಪುಟಕ್ಕೂ ಬರುವುದಿಲ್ಲ.

ಹಾಡಿಲ್ಲವೆಂದೆನಲ್ಲ, ಅದು ಪೂರ್ತಿ ನಿಜವಲ್ಲ. ಪುಸ್ತಕದಲ್ಲಿಲ್ಲ ಎನ್ನಬೇಕು. ಕಣದಲ್ಲಿ ಇತ್ತು, ಬೀಸುಕಲ್ಲಿನ ಮುಂದೆ ಇತ್ತು. ಉತ್ತರ ಕರ್ನಾಟಕದಲ್ಲಿ ಹಂತಿ ಹೊಡೆಯುವಾಗ ಹಾಡುವ ಪದಗಳಿವೆ. ಹಲಸಂಗಿಯ ಗೆಳೆಯರು 1931ರಲ್ಲೇ ‘ಗರತಿಯ ಹಾಡು’ ಅಚ್ಚು ಹಾಕಿಸಿದ್ದರಿಂದ ಆ ಸೀಮೆಯ ಹೆಂಗಸರ ದನಿ ಕಾಗದಕ್ಕೆ ಇಳಿಯಿತು. ನಮ್ಮ ಕಡೆ ಅಷ್ಟು ಅಕ್ಕರೆಯಿಂದ ಕಿವಿಗೊಟ್ಟವರು ಕಡಿಮೆ. ಹಾಡು ಕೆಲಸದ ಜೊತೆ ಹುಟ್ಟಿದ್ದು, ಕೆಲಸದ ಜೊತೆಗೇ ಹೋಗುತ್ತದೆ. ಸಗಣಿ ಬಳಿದ ಕಣ ಹೋಗಿ ಟಾರು ರಸ್ತೆಯೇ ಕಣವಾಯಿತು. ರಾಗಿ ಹರವಿದರೆ ಬಸ್ಸು ಲಾರಿಗಳು ತುಳಿದು ಹೋಗುತ್ತವೆ. ಲಾರಿಯ ಹಿಂದೆ ಯಾರು ಹಾಡಿಕೊಂಡು ತಿರುಗುತ್ತಾರೆ? ಆಂಡಾಳ್ ಬರೆದ ‘ತಿರುಪ್ಪಾವೈ’ಯ ಮೂವತ್ತು ಪಾಶುರಗಳು ಇಷ್ಟು ಶತಮಾನ ಉಳಿದಿರುವುದಕ್ಕೆ ಭಕ್ತಿಯ ಜೊತೆಗೆ ಇನ್ನೊಂದು ಕಾರಣವಿದೆ. ಧನುರ್ಮಾಸದ ನಸುಕಿನಲ್ಲಿ, ಆ ಚಳಿಯ ಹೊತ್ತಿನಲ್ಲೇ ಹೇಳಬೇಕೆಂಬ ಕಟ್ಟು ಅದಕ್ಕಿದೆ. ಗೆಳತಿಯರನ್ನು ಹಾಸಿಗೆಯಿಂದ ಎಬ್ಬಿಸುವ ಪದ್ಯಗಳನ್ನು ಮಧ್ಯಾಹ್ನ ಫ್ಯಾನಿನ ಕೆಳಗೆ ಓದಿ ನೋಡಿ, ಅರ್ಧ ಸತ್ತಿರುತ್ತದೆ.

ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ ಹಗಲಿನ ಉದ್ದದ ಹಂಗಿಲ್ಲದೆ ಕಾಯಿ ಬಿಡುವ ಅವರೆ ತಳಿಗಳನ್ನು ಕೊಟ್ಟಿದೆ. ಎಚ್‌ಎ-3, ಎಚ್‌ಎ-4 ಎಂದು ಹೆಸರು. ರೈತನಿಗೆ ಒಳ್ಳೆಯದೇ, ವರ್ಷವಿಡೀ ಮಾರಬಹುದು. ಮೇ ತಿಂಗಳಿನಲ್ಲಿ ಅವರೆ ಕೊಂಡವರು ‘ಸೊಗಡಿಲ್ಲ’ ಎಂದು ಮೂಗು ಮುರಿದರೆ ನನಗೆ ನಗು ಬರುತ್ತದೆ. ಇತ್ತ ನಂಬಿದ ಕಾಲ ಕೈಕೊಡುತ್ತದೆ. 2021ರ ನವೆಂಬರಿನಲ್ಲಿ ಇಬ್ಬನಿ ಬೀಳಬೇಕಾದ ದಿನಗಳಲ್ಲಿ ಬಿಡದೆ ಮಳೆ ಹಿಡಿಯಿತು. ಕೊಯ್ಲಿಗೆ ಬಂದ ರಾಗಿ ಮಲಗಿ, ತೆನೆಯಲ್ಲೇ ಮೊಳಕೆಯೊಡೆಯಿತು. ಆ ವರ್ಷ ಹೇಮಂತದ ಬಗ್ಗೆ ಪ್ರಬಂಧ ಬರೆಸುವುದಕ್ಕೆ ನನಗೆ ಮನಸ್ಸಾಗಲಿಲ್ಲ. ಪ್ರೇಮಚಂದರ ‘ಪೂಸ್ ಕೀ ರಾತ್’ ಕಥೆಯನ್ನು ಕನ್ನಡದಲ್ಲಿ ಹೇಳಿದೆ.

ಪೂಸ್ ಎಂದರೆ ನಮ್ಮ ಪುಷ್ಯ. ಹಲ್ಕು ಎಂಬ ಬಡರೈತ ಕಂಬಳಿಗೆಂದು ಮೂರು ರೂಪಾಯಿ ಕೂಡಿಟ್ಟಿದ್ದಾನೆ, ಅದು ಸಾಲಕ್ಕೆ ಹೋಗುತ್ತದೆ. ಹರಕು ಹೊದಿಕೆಯಲ್ಲಿ ಹೊಲ ಕಾಯುತ್ತಾ ಜಬ್ರಾ ಎಂಬ ನಾಯಿಯನ್ನು ತಬ್ಬಿಕೊಂಡು ಮಲಗುತ್ತಾನೆ. ಎಲೆ ಗುಡಿಸಿ ಬೆಂಕಿ ಹಾಕುತ್ತಾನೆ. ನೀಲಗಾಯಿಗಳು ಹೊಲಕ್ಕೆ ನುಗ್ಗಿದ ಸದ್ದು ಕೇಳಿದರೂ ಆ ಬಿಸಿ ಬಿಟ್ಟು ಏಳಲಾರ. ಬೆಳಗ್ಗೆ ಬೆಳೆ ಹಾಳಾಗಿದೆ. ಹೆಂಡತಿಗೆ ಚಿಂತೆ, ಅವನಿಗೆ ಇನ್ನು ಚಳಿಯಲ್ಲಿ ಇಲ್ಲಿ ಮಲಗಬೇಕಾಗಿಲ್ಲವಲ್ಲ ಎಂಬ ಸಮಾಧಾನ. ಚಳಿಯನ್ನು ಪ್ರೇಮಚಂದ್ ಬಣ್ಣಿಸುವುದಿಲ್ಲ ಎಂದಲ್ಲ, ಬಣ್ಣಿಸುತ್ತಾರೆ. ಆದರೆ ಕಂಬಳಿಯ ಬೆಲೆಯನ್ನು ಮೊದಲು ಹೇಳಿ ಆಮೇಲೆ ಬಣ್ಣಿಸುತ್ತಾರೆ. ಋತುವರ್ಣನೆಗೂ ಋತುವಿಗೂ ಇರುವ ವ್ಯತ್ಯಾಸ ಆ ಮೂರು ರೂಪಾಯಿ. ಕನ್ನಡದಲ್ಲಿ ಇದಕ್ಕೆ ಹತ್ತಿರ ಬರುವುದು ನನಗೆ ದೇವನೂರ ಮಹಾದೇವರ ‘ಒಡಲಾಳ’. ಸಾಕವ್ವನ ಮನೆಯವರು ರಾತ್ರಿ ಬೆಂಕಿಯ ಸುತ್ತ ಕೂತು ಕಡಲೆಕಾಯಿ ತಿನ್ನುವ ಆ ಪುಟಗಳನ್ನು ಯಾರೂ ಋತುವರ್ಣನೆ ಎಂದು ಪಟ್ಟಿಮಾಡುವುದಿಲ್ಲ. ಬಯಲುಸೀಮೆಯ ಇರುಳು, ಹಸಿವು, ಬೆಂಕಿಯ ಬಿಸಿ, ಮಾತು, ನಗು ಎಲ್ಲ ಅಲ್ಲಿ ಒಟ್ಟಿಗೇ ಇದೆ. ನನ್ನನ್ನು ಕೇಳಿದರೆ ಹೇಮಂತದ ಪಾಠಕ್ಕೆ ಅದನ್ನೇ ಇಡಬೇಕು.

ಕಥೆ ಹೇಳಿದ ಮೇಲೆ, ಗೈಡು ನೋಡದೆ ನಿಮ್ಮ ಮನೆಯ ಚಳಿಗಾಲ ಬರೆಯಿರಿ ಎಂದು ಮಕ್ಕಳಿಗೆ ಹೇಳಿದೆ. ಈಗಲೂ ಪ್ರತಿ ವರ್ಷ ಬರೆಸುತ್ತೇನೆ. ಕಾಗುಣಿತ ನೋಡಿದರೆ ತಲೆ ತಿರುಗುತ್ತದೆ, ಬಿಡಿ. ವಿಜಯಪುರದ ಕಡೆ ರೇಷ್ಮೆ ಸಾಕುವ ಮನೆಯ ಹುಡುಗನೊಬ್ಬ ಬರೆದ: ‘ಚಳಿಗೆ ಹುಳ ಸೊಪ್ಪು ತಿನ್ನಲ್ಲ. ಅದಕ್ಕೆ ಹುಳದ ಮನೇಲಿ ಕೆಂಡ ಇಡ್ತಾರೆ. ನಾವು ಪಡಸಾಲೇಲಿ ಮಲಗ್ತೀವಿ, ಅಲ್ಲಿ ಇಡಲ್ಲ.’ ಸಣ್ಣ ಹುಳುವಿಗೆ ಇಪ್ಪತ್ತೇಳು ಡಿಗ್ರಿಯ ಸುಮಾರಿಗೆ ಬಿಸಿ ಬೇಕು ಎಂಬ ವಿವರವೂ ಅವನ ಪುಟದಲ್ಲಿತ್ತು. ಲೇಔಟಿನ ಕೆಲಸಕ್ಕೆ ರಾಯಚೂರಿನಿಂದ ಬಂದವರ ಮಗಳು ಎರಡು ಚಳಿಗಾಲ ಬರೆದಿದ್ದಳು. ಒಂದು ಊರಿನದು: ಎಳ್ಳಮಾಸಿ, ಬಿಳಿಜೋಳದ ಹೊಲ, ಚರಗ ಚೆಲ್ಲಿ ಎಲ್ಲರೂ ಕೂತು ಉಣ್ಣುವುದು. ಇನ್ನೊಂದು ಇಲ್ಲಿಯದು. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ತಗಡಿನ ಶೆಡ್ಡು. ರಾತ್ರಿ ಮಳೆ ಇಲ್ಲದಿದ್ದರೂ ಬೆಳಗಿನ ಜಾವಕ್ಕೆ ತಗಡಿನ ಒಳಗಿನಿಂದ ಹನಿಹನಿಯಾಗಿ ನೀರು ಹೊದಿಕೆಯ ಮೇಲೆ ಬೀಳುತ್ತದೆ. ಅವ್ವ ತಮ್ಮನ ಮುಖದ ಮೇಲೆ ಸಿಮೆಂಟಿನ ಚೀಲ ಹಿಡಿದು ಕೂರುತ್ತಾಳೆ. ಎಂಟು ಜನರ ಉಸಿರು ಮೇಲೇರಿ ತಣ್ಣಗಿನ ತಗಡಿಗೆ ತಾಗಿ ನೀರಾಗುವುದು ಎಂದು ವಿಜ್ಞಾನದ ಮೇಷ್ಟರು ವಿವರಿಸಿದರು. ಅದಕ್ಕೆ ಕನ್ನಡದಲ್ಲಿ ಏನಂತಾರೆ ಎಂದು ಹುಡುಗಿ ನನ್ನನ್ನು ಕೇಳಿದಳು. ನಿಮ್ಮ ಮನೇಲಿ ಏನಂತೀರಿ ಎಂದೆ. ‘ತಗಡಿನ ಇಬ್ಬನಿ ಅಂತ ಅವ್ವ ಅಂತಾಳ್ರೀ’ ಎಂದಳು.