ರಂಗದ ಮೇಲೆ ಬಾರದ ಮನೆ

ನಾಟಕದ ಪುಸ್ತಕ ಕೈಗೆ ಬಂದರೆ ನಾನು ಮಾತುಗಳಿಗಿಂತ ಮೊದಲು ರಂಗಸೂಚನೆ ಓದುತ್ತೇನೆ. ಬಾಗಿಲು ಎಷ್ಟು, ಕಿಟಕಿ ಎಷ್ಟು, ರಾತ್ರಿ ಯಾರು ಎಲ್ಲಿ ಮಲಗುತ್ತಾರೆ ಎಂದು ಗೊತ್ತಾದರೆ ಜಗಳ ಎಲ್ಲಿಂದ ಏಳುತ್ತದೆ ಎನ್ನುವುದೂ ಅರ್ಧ ಗೊತ್ತಾದಂತೆ. ಲೊರೇನ್ ಹ್ಯಾನ್ಸ್‌ಬೆರಿಯವರ ‘ಎ ರೈಸಿನ್ ಇನ್ ದ ಸನ್’ ಇಂಥ ಓದಿಗೆ ಹೇಳಿ ಮಾಡಿಸಿದ ನಾಟಕ. ಷಿಕಾಗೊ ನಗರದ ದಕ್ಷಿಣ ಭಾಗ. ಐದು ಜನರ ಸಂಸಾರಕ್ಕೆ ಒಂದೇ ಪುಟ್ಟ ಕಿಟಕಿ, ಅದೂ ಅಡುಗೆಯ ಮೂಲೆಯಲ್ಲಿ. ಹುಡುಗ ಟ್ರಾವಿಸ್‌ನ ಹಾಸಿಗೆ ಎಂದರೆ ನಡುಮನೆಯ ಸೋಫಾ. ಬಚ್ಚಲು ಹೊರಗಡೆ, ಪಕ್ಕದ ಮನೆಯವರ ಜೊತೆ ಪಾಲು. ವಠಾರದಲ್ಲಿ ಬೆಳೆದ ನಮ್ಮವರಿಗೆ ಮೊದಲ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲಾರಂ ಹೊಡೆದದ್ದೇ ರೂತ್ ಎದ್ದು ಮಗನನ್ನು ಬಚ್ಚಲಿಗೆ ಅಟ್ಟುತ್ತಾಳೆ. ಪಕ್ಕದವರು ಮೊದಲು ಹೊಕ್ಕರೆ ಮನೆಯವರಿಗೆಲ್ಲ ತಡ.

ಈ ಮನೆಗೆ 10,000 ಡಾಲರಿನ ಚೆಕ್ ಬರಲಿದೆ. ದುಡಿದು ದುಡಿದೇ ಸತ್ತ ಯಜಮಾನನ ವಿಮೆ ಹಣ. ಸಾಹೇಬರ ಕಾರು ಓಡಿಸುವ ಮಗ ವಾಲ್ಟರ್‌ಗೆ ಹೆಂಡದಂಗಡಿಯಲ್ಲಿ ಪಾಲು ಬೇಕು. ಮಗಳು ಬೆನೀಥಾ ಡಾಕ್ಟರಾಗಬೇಕು. ಬಸುರಿ ಸೊಸೆ ರೂತ್‌ಗೆ ಈ ಗೂಡಿನಿಂದ ಹೊರಬಿದ್ದರೆ ಸಾಕು. ತಾಯಿ ಲೀನಾ ಯಾರನ್ನೂ ಕೇಳದೆ 3,500 ಡಾಲರ್ ಮುಂಗಡ ಕೊಟ್ಟು, ಬಿಳಿಯರೇ ವಾಸಿಸುವ ಕ್ಲೈಬೋರ್ನ್ ಪಾರ್ಕಿನಲ್ಲಿ ಮನೆ ಗೊತ್ತುಮಾಡಿ ಬರುತ್ತಾಳೆ.

ಯಾಕೆ ಅಲ್ಲಿ ಎಂದು ಕೇಳಿದರೆ ಆಕೆ ಹಕ್ಕಿನ ಮಾತೆತ್ತುವುದಿಲ್ಲ. ಕಪ್ಪು ಜನಕ್ಕೆಂದು ದೂರದಲ್ಲಿ ಕಟ್ಟುವ ಮನೆಗಳಿಗೆ ಎರಡು ಪಟ್ಟು ಬೆಲೆ. ಕಡಿಮೆ ದುಡ್ಡಿಗೆ ಸಿಕ್ಕ ಒಳ್ಳೆಯ ಮನೆ ಇದು, ಅಷ್ಟೇ. ಇಡೀ ನಾಟಕದ ಲೆಕ್ಕ ಈ ಸಾದಾ ಉತ್ತರದಲ್ಲಿದೆ. ದಕ್ಷಿಣದ ರಾಜ್ಯಗಳಿಂದ ಕಪ್ಪು ಜನ ಲಕ್ಷಗಟ್ಟಲೆ ಷಿಕಾಗೊಗೆ ಬಂದರು, ಆದರೆ ಅವರಿಗೆ ಬಿಟ್ಟುಕೊಟ್ಟ ಜಾಗ ಹಿಗ್ಗಲಿಲ್ಲ. ಸುತ್ತಲಿನ ಬಡಾವಣೆಗಳ ಮಾಲೀಕರು ಅವರಿಗೆ ಮಾರುವುದಿಲ್ಲ, ಬಾಡಿಗೆಗೂ ಕೊಡುವುದಿಲ್ಲ ಎಂದು ತಮ್ಮತಮ್ಮಲ್ಲೇ ಕರಾರು ಬರೆದುಕೊಂಡಿದ್ದರು. ಒಳಗೆ ಸಿಕ್ಕಿಕೊಂಡವರಿಗಾಗಿ ದೊಡ್ಡ ಮನೆಗಳನ್ನು ಕೋಣೆ ಕೋಣೆಯಾಗಿ ಸೀಳಿ, ಮೂಲೆಗೊಂದು ಒಲೆ ಇಟ್ಟು ಬಾಡಿಗೆ ಎತ್ತಿದರು. ಅವುಗಳ ಹೆಸರು ಕಿಚನೆಟ್. ಲೇಖಕಿಯ ತಂದೆ ಕಾರ್ಲ್ ಹ್ಯಾನ್ಸ್‌ಬೆರಿ ಇಂಥ ಕಿಚನೆಟ್‌ಗಳಿಂದಲೇ ದುಡ್ಡು ಮಾಡಿದವರು. ಆ ಕರಾರುಗಳ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋದವರೂ ಅವರೇ. ಎರಡನ್ನೂ ಕಂಡು ಬೆಳೆದ ಮಗಳು ಜಿರಲೆ ಔಷಧಿಯ ವಾಸನೆಯನ್ನೂ ಸವೆದ ಜಮಖಾನೆಯನ್ನೂ ರಂಗದ ಮೇಲೆ ತಂದಿಟ್ಟಾಗ ಅದರಲ್ಲಿ ಒಂದು ಹೊಣೆಯೂ ಇತ್ತೆಂದು ನಾನು ನಂಬಿದ್ದೇನೆ.

ಇನ್ನು ಕಾರ್ಲ್ ಲಿಂಡ್ನರ್. ನಾಟಕದಲ್ಲಿ ಮಾತಾಡುವ ಬಿಳಿಯ ಪಾತ್ರ ಇದೊಂದೇ. ಹ್ಯಾನ್ಸ್‌ಬೆರಿ ಇವನನ್ನು ಬರೆದ ರೀತಿಗೆ ನಾನು ಮತ್ತೆ ಮತ್ತೆ ತಲೆಬಾಗಿದ್ದೇನೆ. ಮನೆ ಬದಲಿಸುವ ದಿನ ಕೈಯಲ್ಲಿ ಬ್ರೀಫ್‌ಕೇಸ್ ಹಿಡಿದು, ಸಂಕೋಚದಿಂದ ಮೈ ಮುದುಡಿಕೊಂಡು ಬರುತ್ತಾನೆ. ಬಡಾವಣೆಯ ಸಂಘದ ಸ್ವಾಗತ ಸಮಿತಿಯವನಂತೆ. ರೂತ್ ಕುಡಿಯಲು ಏನಾದರೂ ಬೇಕೇ ಎಂದು ಉಪಚರಿಸುತ್ತಾಳೆ. ಆತ ದನಿ ಎತ್ತುವುದಿಲ್ಲ. ನಾವೂ ಕಷ್ಟಪಟ್ಟು ಮೇಲೆ ಬಂದವರು, ಕೂತು ಮಾತಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾನೆ. ಮನೆಯವರು ಹೌದೌದು ಎಂದು ತಲೆದೂಗುತ್ತಿರುವಾಗಲೇ ವಿಷಯ ಹೊರಬೀಳುತ್ತದೆ: ನೀವು ಬರದಿದ್ದರೆ, ಕೊಟ್ಟದ್ದಕ್ಕಿಂತ ಹೆಚ್ಚು ಹಣ ಕೊಟ್ಟು ಆ ಮನೆಯನ್ನು ನಾವೇ ಕೊಂಡುಕೊಳ್ಳುತ್ತೇವೆ. ಈ ಪಾತ್ರವನ್ನು ಖಳನಂತೆ ಆಡುವ ನಟ ನಾಟಕವನ್ನೇ ಕೆಡಿಸುತ್ತಾನೆ. ಲಿಂಡ್ನರ್ ತಾನು ಆಡಿದ್ದನ್ನು ನಂಬಿದವನು. ಎದುರಿಗೆ ಕೂತವರಿಗೆ ಅವಮಾನವಾಗುತ್ತಿದೆ ಎಂಬುದು ಅವನಿಗೆ ನಿಜಕ್ಕೂ ಹೊಳೆಯುವುದಿಲ್ಲ.

ಮುಂಗಡ ಕೊಟ್ಟು ಉಳಿದ ಹಣವನ್ನು ತಾಯಿ ವಾಲ್ಟರ್‌ನ ಕೈಗೆ ಒಪ್ಪಿಸಿದ್ದಳು. ಆ ದಿನವೇ ಅವನ ಪಾಲುದಾರ ಅದನ್ನೆಲ್ಲ ಹೊತ್ತು ಪರಾರಿಯಾದ ಸುದ್ದಿ ಬರುತ್ತದೆ. ತಂಗಿಯ ಓದಿಗೆಂದು ಎತ್ತಿಡಬೇಕಿದ್ದ 3,000 ಡಾಲರೂ ಅದರಲ್ಲಿತ್ತು. ವಾಲ್ಟರ್ ಲಿಂಡ್ನರ್‌ನನ್ನು ತಾನೇ ಕರೆಸುತ್ತಾನೆ, ಮಂಡಿಯೂರಿ ದುಡ್ಡು ಬೇಡುವ ಅಭಿನಯವನ್ನೂ ಮನೆಯವರ ಮುಂದೆ ಮಾಡಿ ತೋರಿಸುತ್ತಾನೆ. ತಾಯಿ ಅವನನ್ನು ತಡೆಯುವುದಿಲ್ಲ. ಮೊಮ್ಮಗನನ್ನು ಅಲ್ಲೇ ನಿಲ್ಲಿಸಿಕೊಂಡು, ಏನು ಮಾಡುವುದಿದ್ದರೂ ಇವನ ಕಣ್ಣೆದುರಿಗೇ ಮಾಡು ಎನ್ನುತ್ತಾಳೆ. ಮಗನ ಮುಖ ನೋಡಿದ ಮೇಲೆ ವಾಲ್ಟರ್‌ನ ಬಾಯಲ್ಲಿ ಬೇರೆಯೇ ಮಾತು ಬರುತ್ತದೆ. ಅವರು ಹೊರಡುತ್ತಾರೆ.

1959ರ ಮಾರ್ಚ್ 11ರಂದು ಈ ನಾಟಕ ಬ್ರಾಡ್‌ವೇ ಏರಿತು. ಕಪ್ಪು ಮಹಿಳೆಯೊಬ್ಬರ ನಾಟಕ ಅಲ್ಲಿಗೆ ತಲುಪಿದ್ದು ಅದೇ ಮೊದಲು. ನಿರ್ದೇಶನ ಲಾಯ್ಡ್ ರಿಚರ್ಡ್ಸ್ ಅವರದು, ವಾಲ್ಟರ್ ಆಗಿ ಸಿಡ್ನಿ ಪಾಯಿಟಿಯರ್, 530 ಪ್ರದರ್ಶನಗಳಾದವು. ಲೇಖಕಿಗೆ ಆಗ 28 ವರ್ಷ. ನೋಡಿದವರಲ್ಲಿ ಬಹಳ ಮಂದಿ ಇದನ್ನು ಸುಖಾಂತ ನಾಟಕವೆಂದರು. ಈಗಲೂ ಹಾಗೆನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ.

ನಾಟಕದುದ್ದಕ್ಕೂ ಎಲ್ಲರ ಬಾಯಲ್ಲೂ ಇರುವ ಆ ಹೊಸ ಮನೆ ಒಮ್ಮೆಯೂ ರಂಗದ ಮೇಲೆ ಬರುವುದಿಲ್ಲ. ಅಂಥದೊಂದು ಮನೆಯ ಒಳಗಿನಿಂದಲೇ ಬಂದವರು ಹ್ಯಾನ್ಸ್‌ಬೆರಿ. 1937ರಲ್ಲಿ ಅವರ ತಂದೆ ಸೌತ್ ರೋಡ್ಸ್ ಅವೆನ್ಯೂವಿನಲ್ಲಿ, ಕರಾರಿನ ಗೆರೆಯೊಳಗೆ ಮನೆ ಕೊಂಡಾಗ ಗುಂಪು ಸೇರಿತು, ಕಲ್ಲು ತೂರಿತು. ಪುಟ್ಟ ಲೊರೇನ್ ಕೂದಲೆಳೆಯಲ್ಲಿ ಪಾರಾದರು. ತಾಯಿ ನ್ಯಾನಿ ಗುಂಡು ತುಂಬಿದ ಪಿಸ್ತೂಲು ಹಿಡಿದು ರಾತ್ರಿಯೆಲ್ಲ ಮನೆಯೊಳಗೆ ಕಾವಲು ತಿರುಗಿದರು. ಮೊಕದ್ದಮೆಯನ್ನು 1940ರಲ್ಲಿ ಗೆದ್ದರು, ಆದರೆ ಕಾನೂನಿನ ಒಂದು ಸಣ್ಣ ಎಳೆ ಹಿಡಿದು. ಕರಾರು ತಪ್ಪೆಂದು ಕೋರ್ಟು ಹೇಳಲಿಲ್ಲ. ಇಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿ ಮಾಡಕೂಡದೆಂಬ ತೀರ್ಪು ಬಂದದ್ದು 1948ರಲ್ಲಿ. ತಂದೆ ಅದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು, ಮೆಕ್ಸಿಕೊದಲ್ಲಿ. ಅಮೆರಿಕ ಬಿಟ್ಟು ಅಲ್ಲೇ ನೆಲೆಸುವ ಯೋಚನೆಯಲ್ಲಿದ್ದರು.

ಓದುವವರು ಪಕ್ಕದ ಮನೆಯ ಮಿಸೆಸ್ ಜಾನ್ಸನ್ ಇರುವ ಆವೃತ್ತಿಯನ್ನೇ ಹುಡುಕಿ ಓದಿ. ಬಿಳಿಯರ ಬಡಾವಣೆಗೆ ಹೋದವರ ಮನೆಗೆ ಬಾಂಬು ಬಿದ್ದ ಸುದ್ದಿಯ ಪತ್ರಿಕೆ ಹಿಡಿದು ಬರುವವಳು ಅವಳು. 1959ರ ಪ್ರಯೋಗದಲ್ಲಿ ಆ ದೃಶ್ಯವನ್ನು ಕೈಬಿಟ್ಟಿದ್ದರು. ಅದನ್ನು ಓದಿದ ಮೇಲೆ ಕೊನೆಯ ದೃಶ್ಯ ಬೇರೆಯಾಗಿ ಕಾಣುತ್ತದೆ. ಸಾಮಾನೆಲ್ಲ ಕೆಳಗಿಳಿದಾಗಿದೆ. ಲೀನಾ ಖಾಲಿ ಕೋಣೆಯಲ್ಲಿ ಒಬ್ಬಳೇ ನಿಂತು, ಅಳು ನುಂಗಿ ಹೊರಗೆ ಹೋಗುತ್ತಾಳೆ. ಬಾಗಿಲು ಮತ್ತೆ ತೆರೆಯುತ್ತದೆ. ಆ ಪುಟ್ಟ ಕಿಟಕಿಯ ಅಷ್ಟಿಷ್ಟು ಬೆಳಕಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದುಕೊಂಡಿದ್ದ ಗಿಡ ಅಲ್ಲೇ ಉಳಿದಿದೆ. ಕುಂಡವನ್ನು ಎತ್ತಿಕೊಂಡು ಆಕೆ ಕೊನೆಯ ಸಲ ಆ ಕೋಣೆಯಿಂದ ಹೊರಡುತ್ತಾಳೆ.